ಬೆಕ್ಕಿಗೆ ‘ಅದು’ ಅಂದಿದ್ದಕ್ಕೆ

ಅರವತ್ತಮೂರನೇ ವಯಸ್ಸಿನಲ್ಲಿ ನಾನು ಫ್ರೆಂಚ್ ಕಲಿಯಲು ಕೂತಿದ್ದೆ ಅಂದರೆ ನಮ್ಮೂರಿನ ಮಹಿಳಾ ಮಂಡಳಿಯವರು ಈಗಲೂ ನಗುತ್ತಾರೆ. ನನ್ನ ಟೀಚರಿಗೆ ಆಗ ಏಳು ವರ್ಷ, ನನ್ನ ಮೊಮ್ಮಗಳು. ಪಾಠದ ವಿಷಯ ಒಂದೇ, ಅವರ ಮನೆಯ ಬೆಕ್ಕು.

ಮಗಳು, ಅಳಿಯ ಇರುವುದು ಫ್ರಾನ್ಸಿನ ತುಲೂಸ್‌ನಲ್ಲಿ. ಗರೋನ್ ನದಿ ದಂಡೆಯ ಊರು. ಹಳೇ ಕಟ್ಟಡಗಳೆಲ್ಲ ಇಟ್ಟಿಗೆಯವು, ಇಳಿಬಿಸಿಲಿಗೆ ಗುಲಾಬಿ ಕಾಣುತ್ತವೆ. ಅದಕ್ಕೇ ‘ಗುಲಾಬಿ ನಗರ’ ಅಂತ ಹೆಸರು ಬಂದಿದೆ. ಏರ್‌ಬಸ್ ವಿಮಾನ ಕಟ್ಟುವ ಊರಾದ್ದರಿಂದ ನಮ್ಮ ಕಡೆಯ ಎಂಜಿನಿಯರುಗಳೂ ಅಲ್ಲಿ ಸಿಗುತ್ತಾರೆ. ನಾನು ಹೋಗಿದ್ದು ಸೆಪ್ಟೆಂಬರಿನಲ್ಲಿ. ವೀಸಾ ಇದ್ದದ್ದು 90 ದಿನಕ್ಕೆ. ಸಾಗರದಿಂದ ಹೊರಡುವಾಗ ಉಪ್ಪಿನಕಾಯಿ, ತಂಬುಳಿಗೆ ಒಣಗಿಸಿದ ಸೊಪ್ಪು, ಎರಡು ಕಥೆ ಪುಸ್ತಕ ಕಟ್ಟಿಕೊಂಡಿದ್ದೆ. ಕಥೆ ಪುಸ್ತಕ ಮೊಮ್ಮಗಳಿಗೆ ಓದಿ ಹೇಳೋಣ ಅಂತ.

ಹೋಗಿ ಎರಡೇ ದಿನಕ್ಕೆ ಗೊತ್ತಾಯಿತು, ಕೂಸಿಗೆ ನನ್ನ ಮಾತೆಲ್ಲ ಅರ್ಥ ಆಗುತ್ತದೆ, ಆದರೆ ಉತ್ತರ ಮಾತ್ರ ಕನ್ನಡದಲ್ಲಿ ಬರುವುದಿಲ್ಲ. “ಊಟ ಮಾಡ್ತ್ಯನೇ?” ಅಂದರೆ “ವೀ.” “ಸ್ಕೂಲಲ್ಲಿ ಏನಾಯ್ತು?” ಅಂದರೆ ಪಟಪಟ ಫ್ರೆಂಚು. ಮಗಳು ಅಡುಗೆಮನೆಯಿಂದಲೇ ತರ್ಜುಮೆ ಮಾಡೋದು. ನನ್ನ ಸ್ವಂತ ಮೊಮ್ಮಗಳ ಜೊತೆ ಮಾತಾಡಲು ಮಧ್ಯಸ್ಥರು ಬೇಕಲ್ಲ ಅಂತ ಬೇಜಾರಾಯಿತು. ಯಾರ ಹತ್ತಿರವೂ ಹೇಳಲಿಲ್ಲ.

ಆ ಮನೆಯಲ್ಲಿ ನನ್ನ ಹತ್ತಿರ ತಾನಾಗಿ ಬರುತ್ತಿದ್ದದ್ದು ಬೆಕ್ಕು ಒಂದೇ. ಚಿಕ್ಕ ಗಾತ್ರ, ಬೂದು ಬಣ್ಣ, ನಾಲ್ಕೂ ಪಾದ ಬೆಳ್ಳಗೆ, ಹಸಿರು ಕಣ್ಣು. ಹೆಸರು ಪ್ಯೂಸ್. ಅರ್ಥ ಕೇಳಿದರೆ ‘ಚಿಗಟ’ ಅಂದರು! ಬೆಕ್ಕಿಗೆ ಯಾರಾದರೂ ಚಿಗಟ ಅಂತ ಹೆಸರಿಡ್ತಾರಾ? ಅಲ್ಲಿ ಮಕ್ಕಳನ್ನೂ ಮುದ್ದಿಗೆ ‘ನನ್ನ ಚಿಗಟ’, ‘ನನ್ನ ಎಲೆಕೋಸು’, ‘ನನ್ನ ಮೊಲ’ ಅಂತ ಕರೆಯುತ್ತಾರಂತೆ. ನಾವು ‘ಬಂಗಾರ’ ಅನ್ನೋದಿಲ್ಲವೇ, ಅವರಿಗೆ ಎಲೆಕೋಸು. ಇರಲಿ.

ಮಧ್ಯಾಹ್ನ ಎಲ್ಲರೂ ಹೊರಗೆ ಹೋದ ಮೇಲೆ ನಾನೂ ಪ್ಯೂಸೂ ಇಬ್ಬರೇ. ನಾನು ಮೊಸರನ್ನ ಕಲಸುವಾಗ ಬಂದು ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಬೆರಳ ತುದಿಯಲ್ಲಿ ಚೂರು ಮೊಸರು ನೆಕ್ಕಿಸುತ್ತಿದ್ದೆ. ಮಗಳಿಗೆ ಹೇಳಿರಲಿಲ್ಲ.

ಒಂದು ದಿನ ಸಂಜೆ, “ನೋಡೇ, ಅದು ನಿನ್ನ ಹಾಸಿಗೆ ಮೇಲೆ ಮಲಗಿದೆ” ಅಂದೆ. ಕೂಸಿನ ಮುಖ ಕೆಂಪಾಯಿತು. ಬೆರಳು ಅಲ್ಲಾಡಿಸಿ, “ಅದು ನೋಂ! ಎಲ್!” ಅಂತು.

ಮಗಳು ಬಿಡಿಸಿ ಹೇಳಿದಳು. ಫ್ರೆಂಚಿನಲ್ಲಿ ಗಂಡಿಗೆ ‘ಇಲ್’, ಹೆಣ್ಣಿಗೆ ‘ಎಲ್’. ಪ್ಯೂಸ್ ಹೆಣ್ಣು ಬೆಕ್ಕು, ಆದ್ದರಿಂದ ‘ಎಲ್’. ‘ಸಾ’ ಅಂತ ಒಂದು ಪದ ಇದೆ, ಬೆರಳು ತೋರಿಸಿ ‘ಅದು’ ಅನ್ನೋ ಹಾಗೆ. ಅದನ್ನು ಸಾಮಾನಿಗೆ ಹೇಳೋದು. ಕೂಸಿನ ತಲೆಯಲ್ಲಿ ನಮ್ಮ ‘ಅದು’ ಅಂದರೆ ಆ ‘ಸಾ’. ನಾನು ಅವಳ ಬೆಕ್ಕನ್ನು ಬಕೆಟ್ಟಿನ ಲೆಕ್ಕಕ್ಕೆ ಸೇರಿಸಿದ ಹಾಗೆ ಆಗಿತ್ತು. “ಅಮ್ಮಾ, ಇಲ್ಲಿ 2015ರಲ್ಲಿ ಸಿವಿಲ್ ಕೋಡಿಗೇ ಸೇರಿಸಿದಾರೆ, ಪ್ರಾಣಿಗಳು ಅಂದ್ರೆ ಸಂವೇದನೆ ಇರೋ ಜೀವಿಗಳು ಅಂತ” ಅಂದಳು ಮಗಳು. ನಾನು ಬಿಡಲಿಲ್ಲ. “ನಿಮ್ಮಲ್ಲಿ ಮೇಜೂ ‘ಎಲ್’, ಕುರ್ಚಿಯೂ ‘ಎಲ್’, ಕಾರೂ ‘ಎಲ್’ ಅಂತೆ. ಹಾಗಾದ್ರೆ ‘ಎಲ್’ ಅಂದ ಕೂಡಲೇ ಏನು ದೊಡ್ಡ ಮರ್ಯಾದೆ ಬಂತು?” ಮಗಳಿಗೆ ಉತ್ತರ ಹೊಳೆಯಲಿಲ್ಲ. ಕೂಸು ಮಾತ್ರ ಬೆಕ್ಕನ್ನು ಎತ್ತಿಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಿತು.

ರಾತ್ರಿ ನಿದ್ದೆ ಬರಲಿಲ್ಲ. ವಾದದಲ್ಲಿ ಗೆದ್ದು ಏನು ಮಾಡೋದು? ಬೆಳಿಗ್ಗೆ ಎದ್ದು ಹೇಳಿದೆ, “ಕೂಸೇ, ಪ್ಯೂಸ್ ಬಗ್ಗೆ ಫ್ರೆಂಚಲ್ಲಿ ಹೇಗೆ ಹೇಳಬೇಕು ಅಂತ ನಂಗೆ ಕಲಿಸ್ತ್ಯಾ?”

ಒಳ್ಳೇ ಸಮಯಕ್ಕೆ ಕೇಳಿದ್ದೆ. ಅಲ್ಲಿ ಪ್ರೈಮರಿ ಮಕ್ಕಳಿಗೆ ಬರೆಯುವ ಹೋಂವರ್ಕ್ ಕೊಡಬಾರದು ಅಂತ 1956ರಿಂದಲೇ ನಿಯಮ ಇದೆ. ಆದರೆ ತರಗತಿಯ ಮುಂದೆ ನಿಂತು ಒಂದು ವಿಷಯ ಹೇಳುವುದು ಇರುತ್ತದೆ, ‘ಎಕ್ಸ್‌ಪೊಝೇ’ ಅನ್ನುತ್ತಾರೆ. ಕೂಸು ಆರಿಸಿಕೊಂಡ ವಿಷಯ ‘ನನ್ನ ಬೆಕ್ಕು’. ಡಿಸೆಂಬರ್ ಮೊದಲ ವಾರ ಅದರ ಸರದಿ. ಬುಧವಾರ ಮಧ್ಯಾಹ್ನ ಶಾಲೆ ಇರುವುದಿಲ್ಲ. ಹಾಗಾಗಿ ಪ್ರತಿ ಬುಧವಾರ ನನಗೆ ಕ್ಲಾಸು.

ಮೊದಲ ಪಾಠ ಲಿಂಗ. ಗಂಡು ಬೆಕ್ಕು ‘ಅಂ ಶಾ’, ಹೆಣ್ಣು ಬೆಕ್ಕು ‘ಯೂನ್ ಶಾತ್’. ಗಂಡಿಗೆ ಕೊನೇ ಅಕ್ಷರ ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಹೆಣ್ಣಿಗೆ ಒಂದು ‘ಇ’ ಸೇರಿಸಿದ ಕೂಡಲೇ ಸುಮ್ಮನಿದ್ದ ಅಕ್ಷರಕ್ಕೆ ಬಾಯಿ ಬರುತ್ತದೆ. ಚಿಕ್ಕದು ಅನ್ನಲು ಗಂಡಿಗೆ ‘ಪೆತಿ’, ಹೆಣ್ಣಿಗೆ ‘ಪೆತಿತ್’. ಬೂದು ಅನ್ನಲು ‘ಗ್ರಿ’, ‘ಗ್ರೀಝ್’. ಬಿಳಿ ಅನ್ನಲು ‘ಬ್ಲಾಂ’, ‘ಬ್ಲಾಂಶ್’. ನಮ್ಮಲ್ಲಿ ‘ಚಿಕ್ಕ ಹುಡುಗ, ಚಿಕ್ಕ ಹುಡುಗಿ’, ಚಿಕ್ಕ ಚಿಕ್ಕವೇ. ಅಲ್ಲಿ ವಿಶೇಷಣವೂ ಸೀರೆ ಉಡಬೇಕು. ನನಗೆ ಆ ‘ತ್’, ಆ ‘ಝ್’ ಮರೆತೇ ಹೋಗುತ್ತಿತ್ತು. ಕೂಸು ಮೇಜು ಕುಟ್ಟಿ “ಗ್ರೀಝ್, ಅಜ್ಜಿ, ಗ್ರೀಝ್!” ಅನ್ನುತ್ತಿತ್ತು. ನಲವತ್ತು ವರ್ಷದ ಹಿಂದೆ ಅದರ ಅಮ್ಮನಿಗೆ ಮಗ್ಗಿ ಕಲಿಸುವಾಗ ನಾನೂ ಹೀಗೇ ಕುಟ್ಟುತ್ತಿದ್ದೆ.

ಮಗಳು ಪಕ್ಕಕ್ಕೆ ಕರೆದು, “ಅಮ್ಮಾ, ಹೊರಗೆ ಯಾರ ಹತ್ರಾನೂ ‘ಶಾತ್’ ಅನ್ಬೇಡ, ‘ಮಿನೆತ್’ ಅನ್ನು, ಪುಟ್ಟ ಬೆಕ್ಕು ಅಂತ” ಅಂದಳು. ಯಾಕೆ ಅಂದರೆ ನಕ್ಕಳು. ಆ ಪದಕ್ಕೆ ಇನ್ನೊಂದು ಅರ್ಥ ಇದೆಯಂತೆ. ನಾನು ಹೆಚ್ಚು ಕೇಳಲಿಲ್ಲ.

ಆಮೇಲೆ ಪದಗಳ ಜಾಗ. ನಮ್ಮಲ್ಲಿ ‘ಚಿಕ್ಕ ಬೂದು ಬೆಕ್ಕು’ ಅಂದರೆ ವಿಶೇಷಣವೆಲ್ಲ ಮುಂದೆ. ಅಲ್ಲಿ ಚಿಕ್ಕದು ದೊಡ್ಡದು ಅನ್ನೋದು ಬೆಕ್ಕಿನ ಮುಂದೆ, ಬಣ್ಣ ಬೆಕ್ಕಿನ ಹಿಂದೆ. ‘ಚಿಕ್ಕ ಬೆಕ್ಕು ಬೂದು’ ಅಂದ ಹಾಗೆ. ನಾನು ಒಂದು ಗುರುತು ಇಟ್ಟುಕೊಂಡೆ, ಬೆಕ್ಕು ಬರುವಾಗ ಮೊದಲು ಗಾತ್ರ ಕಾಣುತ್ತದೆ, ಹತ್ತಿರ ಬಂದ ಮೇಲೆ ಬಣ್ಣ. ವ್ಯಾಕರಣದಲ್ಲಿ ಹಾಗೇನೂ ಹೇಳಿಲ್ಲ, ನನಗೆ ಮಾತ್ರ ಉಪಯೋಗಕ್ಕೆ ಬಂತು.

ವಯಸ್ಸು ಹೇಳುವುದು ಇನ್ನೂ ತಮಾಷೆ. ನಾವು ಬೆಕ್ಕಿಗೆ ಒಂಬತ್ತು ವರ್ಷ ಅಂತೀವಿ. ಅವರ ಬೆಕ್ಕು ಒಂಬತ್ತು ವರ್ಷಗಳನ್ನು ಇಟ್ಟುಕೊಂಡಿರುತ್ತದೆ. ಹಣ ಇಟ್ಟುಕೊಂಡ ಹಾಗೆ, ಕೊಡೆ ಇಟ್ಟುಕೊಂಡ ಹಾಗೆ. ‘ಎಲ್ ಆ ನವ್ ಆಂ.’ ಕೇಳಿದ ಕೂಡಲೇ ಕಿವಿ ನೆಟ್ಟಗಾಯಿತು. ನವ್! ಒಂಟಿಯಾಗಿ ಹೇಳುವಾಗ ‘ನಫ್’ ಅನ್ನುತ್ತಾರೆ, ವರ್ಷದ ಜೊತೆ ಸೇರಿದರೆ ‘ನವ್’. ನಮ್ಮ ನವಗ್ರಹದ ನವವೇ! ಸಂಸ್ಕೃತದಲ್ಲಿ ‘ನವ’ ಅಂದರೆ ಒಂಬತ್ತೂ ಹೌದು, ಹೊಸದೂ ಹೌದು. ಫ್ರೆಂಚಿನ ಆ ಪದಕ್ಕೂ ಅವೇ ಎರಡು ಅರ್ಥ. ಸಪ್ತಕ್ಕೆ ‘ಸೆತ್’, ದಶಕ್ಕೆ ‘ದಿಸ್’. ಅಷ್ಟು ದೂರದ ಊರಲ್ಲಿ ಹಳೇ ನೆಂಟರು ಸಿಕ್ಕ ಹಾಗಾಯಿತು.

‘ನನ್ನ’ ಅನ್ನೋದರಲ್ಲಿ ಮಾತ್ರ ಸೋತೆ. ಗಂಡು ಬೆಕ್ಕಾದರೆ ‘ಮೋಂ’, ಹೆಣ್ಣು ಬೆಕ್ಕಾದರೆ ‘ಮಾ’. ಹೇಳುವವರು ಹೆಂಗಸೋ ಗಂಡಸೋ ಅನ್ನೋದು ಲೆಕ್ಕಕ್ಕಿಲ್ಲ, ಬೆಕ್ಕು ಯಾವುದು ಅಂತ ನೋಡಬೇಕು. ತಪ್ಪಿ ತಪ್ಪಿ ಸಾಕಾಗಿ, “ನಮ್ಮ ಅನ್ನೋಕೆ ಏನು?” ಅಂತ ಕೇಳಿದೆ. ‘ನೋತ್ರ್.’ ಗಂಡಿಗೂ ಅದೇ, ಹೆಣ್ಣಿಗೂ ಅದೇ. ಬದುಕಿದೆ ಅನ್ನಿಸಿತು. ನಾವು ಹೇಗೂ ನಮ್ಮಮ್ಮ, ನಮ್ಮನೆ, ನಮ್ಮನೆಯವರು ಅಂತ ಎಲ್ಲಕ್ಕೂ ‘ನಮ್ಮ’ ಹಚ್ಚಿಯೇ ಮಾತಾಡುವವರು. ಅವತ್ತಿನಿಂದ ಪ್ಯೂಸ್ ನನ್ನ ಬಾಯಲ್ಲಿ ‘ನೋತ್ರ್ ಮಿನೆತ್’, ನಮ್ಮ ಪುಟ್ಟ ಬೆಕ್ಕು.

ಇಲ್ಲ ಅನ್ನುವುದನ್ನು ಕಣ್ಣಾಮುಚ್ಚಾಲೆ ಆಡಿಸಿ ಕಲಿಸಿತು. ಪರದೆ ಸರಿಸಿ, “ಎಲ್ ಎ ಲಾ?” ಇದ್ದಾಳಾ? “ನೋಂ, ಎಲ್ ನೆ ಪಾ ಲಾ.” ಇಲ್ಲ, ಇಲ್ಲಿಲ್ಲ. ಮಂಚದ ಕೆಳಗೆ? “ಎಲ್ ನೆ ಪಾ ಲಾ.” ಇನ್ನು ‘ಬೆಕ್ಕಿಲ್ಲ’ ಅನ್ನಬೇಕಾದರೆ ‘ಪಾ’ ಆದ ಮೇಲೆ ‘ಅಂ’, ‘ಯೂನ್’ ಎರಡೂ ಹೋಗಿ ಬರೀ ‘ದ’ ಉಳಿಯುತ್ತದೆ. ಇಲ್ಲದ್ದಕ್ಕೆ ಗಂಡು ಹೆಣ್ಣು ಯಾಕೆ ಅಲ್ಲವೇ?

ನವೆಂಬರಿನ ಒಂದು ಗುರುವಾರ. ಹನ್ನೊಂದು ಗಂಟೆಗೆ ಕೊರಿಯರಿನವನು ಬೆಲ್ ಮಾಡಿದ. ಪೆಟ್ಟಿಗೆ ಭಾರ ಇತ್ತು, ಎರಡೂ ಕೈಯಲ್ಲಿ ಹಿಡಿದು ಒಳಗೆ ಇಟ್ಟು ಬಂದು ಬಾಗಿಲು ಹಾಕಿದೆ. ಹನ್ನೆರಡೂವರೆಗೆ ಮೊಸರನ್ನ ಕಲಸಿದೆ. ಕಾಲಿಗೆ ಯಾರೂ ಸುತ್ತಿಕೊಳ್ಳಲಿಲ್ಲ.

ಮಂಚದ ಕೆಳಗೆ, ಬಟ್ಟೆ ಕಪಾಟು, ಬಾಲ್ಕನಿ, ಎಲ್ಲೂ ಇಲ್ಲ. ಕೈಕಾಲು ತಣ್ಣಗಾಯಿತು. ಮಗಳಿಗೆ ಫೋನ್ ಮಾಡಿದರೆ ಎತ್ತಲಿಲ್ಲ, ಮೀಟಿಂಗ್. ಅಳಿಯನದೂ ಅದೇ ಕಥೆ. ಶಾಲು ಹೊದ್ದು ಮೂರು ಮಹಡಿ ಇಳಿದು, ನೆಲಮಹಡಿಯ ಅಜ್ಜಿಯ ಬಾಗಿಲು ತಟ್ಟಿದೆ. ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು, ದಿನಾ ಲಿಫ್ಟ್ ಹತ್ತಿರ ನೋಡಿ ನಗುತ್ತಿದ್ದವರು.

ಅಲ್ಲಿ ಮೊದಲು ‘ಬೊಂಜೂರ್’ ಹೇಳದೆ ಏನು ಕೇಳಿದರೂ ಒರಟಾಗುತ್ತದೆ. “ಬೊಂಜೂರ್ ಮದಾಮ್. ನೋತ್ರ್ ಮಿನೆತ್... ಎಲ್ ನೆ ಪಾ ಲಾ.” ಕಳೆದುಹೋಗಿದೆ ಅನ್ನುವ ಪದ ನನಗೆ ಗೊತ್ತಿರಲಿಲ್ಲ. ಕಣ್ಣಾಮುಚ್ಚಾಲೆಯ ವಾಕ್ಯವನ್ನೇ ಹೇಳಿದೆ. ಕಣ್ಣಲ್ಲಿ ನೀರು ಬಂದಿತ್ತು, ಅವರಿಗೆ ಅರ್ಥವಾಯಿತು. ಹೇಗಿದೆ ಅಂತ ಕೇಳಿದರು. “ಪೆತಿ. ಗ್ರಿ.” ಗಾಬರಿಯಲ್ಲಿ ಆ ‘ತ್’ ಹೋಯಿತು, ‘ಝ್’ ಹೋಯಿತು.

ಅವರು ಅಂಗಳದ ಕಡೆ ಕೂಗಿ ಯಾರಿಗೋ ಹೇಳಿದರು. ಹತ್ತು ನಿಮಿಷಕ್ಕೆ ಪಕ್ಕದ ಬ್ಲಾಕಿನ ಹುಡುಗನೊಬ್ಬ ಬೂದು ಬಣ್ಣದ ಒಂದು ಧಡಿಯ ಗಂಡು ಬೆಕ್ಕನ್ನು ಅಪ್ಪಿ ಹಿಡಿದು ತಂದು ನನ್ನ ಕೈಗೆ ಕೊಡಲು ಬಂದ. “ನೋಂ, ನೋಂ! ಗ್ರೀಝ್! ಪೆತಿತ್!” ಅಂತ ಕೂಗಿದೆ. ನಾಲ್ಕು ಬುಧವಾರ ಬಾರದ ‘ಝ್’ ಆವತ್ತು ಇಡೀ ಮೆಟ್ಟಿಲಿಗೆ ಕೇಳುವ ಹಾಗೆ ಬಂತು.

ಆಮೇಲೆ ಅಜ್ಜಿ ಕನ್ನಡಕ ಹಾಕಿಕೊಂಡು ಒಂದು ಹಾಳೆ ತೆಗೆದರು. ನಾನು ಹೇಳುತ್ತಾ ಹೋದೆ, ಅವರು ಬರೆದರು. ಚಿಕ್ಕ ಬೆಕ್ಕು, ಬೂದು. ಒಂಬತ್ತು ವರ್ಷ ‘ಇಟ್ಟುಕೊಂಡಿದ್ದಾಳೆ’. ‘ಲೆ ಪಾತ್ ಬ್ಲಾಂಶ್’, ಬಿಳೀ ಕಾಲು. (ಪ್ರಾಣಿಗಳ ಕಾಲಿಗೆ ‘ಪಾತ್’, ನಮ್ಮ ಕಾಲಿಗೆ ಬೇರೆ ಪದ.) ಹಸಿರು ಕಣ್ಣು. ಕೊನೆಗೆ ಅವರು ಕುತ್ತಿಗೆ ಮುಟ್ಟಿ ತೋರಿಸುತ್ತಾ, “ಎಲ್ ಆ ಯೂನ್ ಪ್ಯೂಸ್?” ಅಂದರು. “ವೀ, ಪ್ಯೂಸ್! ಎಲ್ ಸಾಪೆಲ್ ಪ್ಯೂಸ್!” ಹೆಸರು ಅದೇ ಅಂದೆ. ಅವರು ತಲೆ ಅಲ್ಲಾಡಿಸಿ ಮತ್ತೆ ಕುತ್ತಿಗೆ ತೋರಿಸಿದರು. ಓಹೋ, ಚಿಗಟ ಇದೆಯಾ ಅಂತ ಕೇಳ್ತಿದಾರೆ ಅಂದುಕೊಂಡೆ. ನಮ್ಮ ಬೆಕ್ಕಿಗೆ ಚಿಗಟವೇ? “ನೋಂ ಮದಾಮ್! ಪಾ ದ ಪ್ಯೂಸ್!” ವ್ಯಾಕರಣ ಸರಿಯಾಗಿಯೇ ಇತ್ತು. ಅರ್ಥ ಮಾತ್ರ ಬೇರೆಯಾಗಿತ್ತು. ಬೆಕ್ಕಿನ ಚರ್ಮದ ಕೆಳಗೆ ಹಾಕಿಸುವ ಗುರುತಿನ ಚಿಪ್ಪಿಗೂ ಅಲ್ಲಿ ಪ್ಯೂಸ್ ಅಂತಲೇ ಹೇಳುತ್ತಾರೆ! 2012ರ ನಂತರ ಹುಟ್ಟಿದ ಸಾಕು ಬೆಕ್ಕುಗಳಿಗೆ ಅಂಥ ಗುರುತು ಕಡ್ಡಾಯವಂತೆ. ಹೆಸರು ಪ್ಯೂಸ್, ಪ್ಯೂಸ್ ಇಲ್ಲ ಅಂತ ಬರೆದ ಆ ಹಾಳೆ ಲಿಫ್ಟಿನ ಬಾಗಿಲಿಗೆ ಅಂಟಿತು.

ನಾಲ್ಕೂವರೆಗೆ ಶಾಲೆ ಬಿಡುತ್ತದೆ. ಗೇಟಿನ ಹತ್ತಿರ ನಿಂತಾಗ ಎದೆ ಹೊಡೆದುಕೊಳ್ಳುತ್ತಿತ್ತು. ಕೂಸು ಓಡಿ ಬಂತು. “ಎಲ್ ನೆ ಪಾ ಲಾ” ಅಂದೆ. ಆಟ ಅಂದುಕೊಂಡು ಮೊದಲು ನಕ್ಕಿತು. ಆಮೇಲೆ ನನ್ನ ಮುಖ ನೋಡಿತು.

ದಾರಿಯುದ್ದಕ್ಕೂ ಮಾತಿಲ್ಲ. ಮೆಟ್ಟಿಲ ಹತ್ತಿರ ಬಂದು ತಿರುಗಿ ನಿಂತು, ಒಂದೊಂದೇ ಪದ ಹುಡುಕಿ ಹೇಳಿತು. “ನಿಂಗೆ ಪ್ಯೂಸ್ ಬರೀ ಅದು. ಅದಕ್ಕೇ ಬಿಟ್ಟೆ.”

ಎರಡು ತಿಂಗಳಲ್ಲಿ ಅದು ನನ್ನ ಹತ್ತಿರ ಆಡಿದ ಮೊದಲ ಪೂರ್ತಿ ಕನ್ನಡ ವಾಕ್ಯ. ನನಗೆ ತಪ್ಪದೆ ಮುಟ್ಟಲಿ ಅಂತಲೇ ಕನ್ನಡದಲ್ಲಿ ಹೇಳಿತ್ತು. ಮುಟ್ಟಿತು ಕೂಡ.

ಮಗಳು, ಅಳಿಯ ಬಂದರು. ಟಾರ್ಚ್ ಹಿಡಿದು ಎಲ್ಲರೂ ಹುಡುಕಿದೆವು. ಸೈಕಲ್ ನಿಲ್ಲಿಸುವ ಕತ್ತಲೆ ಕೋಣೆಯಲ್ಲಿ “ಪ್ಯೂಸ್, ಪ್ಯೂಸ್” ಅಂತ ಕರೆದರೂ ಸದ್ದಿಲ್ಲ. ನಾನು ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು, ದಿನಾ ಮಧ್ಯಾಹ್ನ ಕರೆಯುವ ಹಾಗೇ ಕರೆದೆ. “ಬಾರೇ ಕೂಸೇ... ಮೊಸರು ಕೊಡ್ತಿ, ಬಾರೇ...” ಒಂದು ಹಳೇ ಮಕ್ಕಳ ಗಾಡಿಯ ಹಿಂದಿನಿಂದ ಸಣ್ಣಗೆ ದನಿ ಬಂತು. ಆಮೇಲೆ ಬಿಳೀ ಪಾದ ಕಂಡವು. ಮೈತುಂಬ ಜೇಡನ ಬಲೆ ಹಚ್ಚಿಕೊಂಡು ಬಂದು ನೇರ ನನ್ನ ಬೆರಳು ಮೂಸಿತು.

ಮಗಳು, “ಅಮ್ಮಾ, ಬೆಕ್ಕಿಗೆ ಮೊಸರು ಹಾಕ್ತಿದ್ಯಾ?” ಅಂದಳು. ಕೂಸು ಕೇಳಿದ್ದು ಬೇರೆ. “ಕೂಸೇ... ಅದು ನಾನಲ್ವಾ?”

ರಾತ್ರಿ ಅದು ನನ್ನ ಪಕ್ಕದಲ್ಲೇ ಮಲಗಿತು, ಕಾಲ ಹತ್ತಿರ ಪ್ಯೂಸ್. ಆಗ ಹೇಳಿದೆ. ನಮ್ಮ ಕನ್ನಡದಲ್ಲಿ ದೊಡ್ಡವರಾದ ಮೇಲೆ ಅವನು, ಅವಳು. ಮಗು ಇರುವಾಗ ‘ಮಗು ಅಳ್ತಿದೆ’, ‘ಮಗು ನಕ್ಕಿತು’. ಅಲ್ಲೂ ‘ಅದು’ವೇ. ಸಾಗರದ ಕಡೆ ನಮ್ಮ ಮನೆಮಾತಿನಲ್ಲಂತೂ ‘ಅಕ್ಕ ಬಂತು’, ‘ಅತ್ತೆ ಹೋತು’ ಅಂತ ಹೆಂಗಸರಿಗೆಲ್ಲ ಹಾಗೇ ಹೇಳೋದು. ಕೊಟ್ಟಿಗೆಯ ಗೌರಿಗೂ ಅದೇ, ‘ಗೌರಿ ಕರು ಹಾಕ್ತು’. “ನೀನು ಹುಟ್ಟಿದ ದಿನ ಅಜ್ಜನಿಗೆ ಫೋನಲ್ಲಿ ನಾನು ಹೇಳಿದ್ದು, ಕೂಸು ಕಣ್ಣು ಬಿಡ್ತು ಅಂತ. ಅದು ಅಂದ್ರೆ ಸಾಮಾನಲ್ಲ, ಮಡಿಲಲ್ಲಿ ಇಟ್ಟುಕೊಳ್ಳೋ ಅಂಥದ್ದು.”

ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿತು, “ನಾನೂ ಅದು?”

“ಹ್ಞೂಂ, ನೀನೂ ಅದು.”

“ಅಮ್ಮ?”

“ನಂಗೆ ಅಮ್ಮನೂ ಅದು.”

ದಿಂಬಿಗೆ ಮುಖ ಒತ್ತಿಕೊಂಡು ನಕ್ಕಿತು.

ಎಕ್ಸ್‌ಪೊಝೇ ದಿನ ಪೋಸ್ಟರಿನಲ್ಲಿ ಬೆಕ್ಕಿನ ಫೋಟೊ, ವಯಸ್ಸು, ಬಣ್ಣ, ತಿನ್ನುವ ಆಹಾರ ಎಲ್ಲ ಇತ್ತು. ಆಹಾರದ ಪಟ್ಟಿಯಲ್ಲಿ ಮೊಸರೂ ಇತ್ತು. ಕೆಳಗೆ ಒಂದು ಸಾಲು ಫ್ರೆಂಚಿನಲ್ಲಿ, ‘ನನ್ನ ಅಜ್ಜಿಯ ಭಾಷೆಯಲ್ಲಿ ಬೆಕ್ಕಿಗೂ ಮಕ್ಕಳಿಗೂ ಒಂದೇ ಪದ’ ಅಂತ. ಅದರ ಪಕ್ಕದಲ್ಲಿ ಎರಡು ಕನ್ನಡ ಅಕ್ಷರ, ಅ ಮತ್ತು ದು. ಹಿಂದಿನ ರಾತ್ರಿ ನಾನು ಕೈಹಿಡಿದು ತಿದ್ದಿಸಿದ್ದು. ‘ದು’ವಿನ ಕೊಂಬು ಸ್ವಲ್ಪ ಉದ್ದವಾಗಿ ‘ದೂ’ ಥರ ಕಾಣುತ್ತಿತ್ತು. ಅಲ್ಲಿ ಯಾರಿಗೆ ಗೊತ್ತಾಗಬೇಕು!

ನನ್ನ 90 ದಿನ ಮುಗಿದು ಸಾಗರಕ್ಕೆ ವಾಪಸ್ಸು ಬಂದೆ. ಕಥೆ ಪುಸ್ತಕ ಎರಡನ್ನೂ ಅಲ್ಲೇ ಬಿಟ್ಟು ಬಂದಿದ್ದೇನೆ. ಈಗ ಬುಧವಾರ ವಿಡಿಯೊ ಕಾಲ್ ಇರುತ್ತದೆ. ನಾನು ಪ್ಯೂಸ್ ಬಗ್ಗೆ ಫ್ರೆಂಚಿನಲ್ಲಿ ಒಂದು ಪ್ರಶ್ನೆ ಕೇಳಬೇಕು, ಕೂಸು ಕನ್ನಡದಲ್ಲಿ ಉತ್ತರ ಹೇಳಬೇಕು. ಇದು ನಮ್ಮ ಒಪ್ಪಂದ. “ಅಜ್ಜಿ, ಪ್ಯೂಸ್ ಮಲಗಿದೆ. ಅದು ತುಂಬ ತಿಂತು” ಅನ್ನುತ್ತದೆ. ನನ್ನ ‘ಝ್’ ಈಗಲೂ ಕೆಲವು ಸಲ ಬೀಳುತ್ತದೆ, ಬೈಸಿಕೊಳ್ಳುತ್ತೇನೆ.

ಒಂದೇ ತೊಂದರೆ ಆಗಿದೆ. ಹೋದ ವಾರ ಹಿಂದಿನಿಂದ ಬಾಗಿಲ ಸದ್ದು ಕೇಳಿತು. ಕೂಸು ತಿರುಗಿ ನೋಡಿ, “ಅಜ್ಜಿ, ಅಪ್ಪ ಬಂತು!” ಅಂತು. ನಮ್ಮ ಕಡೆಯೂ ಗಂಡಸರಿಗೆ ಹಾಗೆ ಹೇಳುವುದಿಲ್ಲ. ಅಳಿಯ ಬ್ಯಾಗು ಇಳಿಸುತ್ತಾ, “ಅತ್ತೇ, ಇದನ್ನ ನೀವೇ ತಿದ್ದಬೇಕು” ಅಂದರು. ತಿದ್ದೋಣ. ಇನ್ನೊಂದೆರಡು ಬುಧವಾರ ಕಳೀಲಿ ಅಂತ ಸುಮ್ಮನಿದ್ದೇನೆ.